ಐದು ಸಾವಿರದೊಳಗೆ ಒಂದು ಚಾವಿ ಗಡಿಯಾರ

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಮೊಮ್ಮಗಳು ತನ್ನ ಹುಂಡಿ ಡಬ್ಬಿ ತಂದು ನನ್ನ ಮುಂದೆ ಬೋರಲು ಹಾಕಿದಳು. ನೋಟು, ನಾಣ್ಯ ಎಲ್ಲ ಸೇರಿಸಿ ಎಣಿಸಿದರೆ 4,860 ರೂಪಾಯಿ. ಅವಳ ಅಜ್ಜಿ ಸುಮ್ಮನಿರುತ್ತಾಳೆಯೇ? ಸಾಸಿವೆ ಡಬ್ಬಿಯಿಂದ 140 ತೆಗೆದು ಐದು ಸಾವಿರ ಸರಿ ಮಾಡಿದಳು.

"ತಾತ, ನನಗೆ ಬ್ಯಾಟರಿ ಇಲ್ಲದ, ಚಾವಿ ಕೊಡೋ ವಾಚ್ ಬೇಕು. ಒಳ್ಳೇದು ಬೇಕು. ಮೋಸ ಹೋಗಬಾರದು."

ಒಂಬತ್ತನೇ ತರಗತಿಯ ಹುಡುಗಿ. ಗೆಳತಿಯರ ಕೈಯಲ್ಲೆಲ್ಲ ಹೆಜ್ಜೆ ಎಣಿಸುವ ವಾಚುಗಳು. ಇವಳಿಗೆ ಮಾತ್ರ ನನ್ನ ಹಳೆಯ ಗಡಿಯಾರವನ್ನು ಕಿವಿಗೆ ಹಿಡಿದು ಹಿಡಿದು ಹುಚ್ಚು ಹತ್ತಿದೆ. "ಇದನ್ನೇ ತಗೋ" ಎಂದೆ. "ಆಮೇಲೆ ನೀವೇನು ಕಟ್ಕೋತೀರಿ?" ಎಂದಳು. ಅಲ್ಲಿಗೆ ಮುಗಿಯಿತು.

ಆದರೆ "ಮೋಸ ಹೋಗಬಾರದು" ಎಂಬ ಮಾತು ನನಗೆ ಚುಚ್ಚಿತು. ಅದಕ್ಕೆ ಕಾರಣವಿದೆ. ಇವಳ ಅಪ್ಪ ಹತ್ತನೇ ತರಗತಿ ಪಾಸಾದಾಗ ಅವನಿಗೂ ಒಂದು ವಾಚ್ ಕೊಡಿಸಿದ್ದೆ. ಹಳೆಯ ಗಡಿಯಾರಗಳನ್ನು ಮಾರುವ ಒಬ್ಬನ ಹತ್ತಿರ ಚೌಕಾಸಿ ಮಾಡಿ ತಂದದ್ದು. ನವಿಲುಗರಿಯಂಥ ನೀಲಿ ಡಯಲ್, ನೋಡಿದರೆ ನಿನ್ನೆ ತಾನೇ ಕಾರ್ಖಾನೆಯಿಂದ ಬಂದ ಹಾಗಿತ್ತು. ಮೂರು ತಿಂಗಳಿಗೆ ನಿಂತು ಹೋಯಿತು. "ಕ್ರಿಕೆಟ್ ಆಡುವಾಗ ಕಟ್ಟಿಕೊಂಡಿದ್ದೆ ಅಲ್ಲವೇನೋ" ಎಂದು ಗದರಿದೆ. ಇಲ್ಲ ಎಂದ. ನಾನು ನಂಬಲಿಲ್ಲ. ಎಷ್ಟೋ ವರ್ಷದ ಮೇಲೆ ಅದನ್ನು ಒಬ್ಬ ರಿಪೇರಿಯವರ ಹತ್ತಿರ ಬಿಚ್ಚಿಸಿದಾಗ ಒಳಗಿದ್ದದ್ದು ಮೂರು ಬೇರೆ ಬೇರೆ ಗಡಿಯಾರಗಳ ಭಾಗ. ಒಂದು ಸ್ಕ್ರೂ ಇರಬೇಕಾದಲ್ಲಿ ಅಂಟು. ಆ ನೀಲಿ ಬಣ್ಣವೂ ಯಾರೋ ಮೇಲೆ ಬಳಿದದ್ದು. ಅಷ್ಟು ಹೊತ್ತಿಗೆ ಮಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದ. ಫೋನಿನಲ್ಲಿ ಹೇಳಿದೆ. "ಹೋಗಲಿ ಬಿಡಿ ಅಪ್ಪ" ಎಂದ. ಅವನು ಬಿಟ್ಟ, ನನಗೆ ಬಿಡಲಾಗಲಿಲ್ಲ. ಹಾಗಾಗಿ ಈ ಸಲ ಅವಸರ ಮಾಡಬಾರದು ಎಂದುಕೊಂಡೆ.

ಮೊದಲು ಮನೆಯಲ್ಲೇ ಕೂತು ಪಾಠ ಮಾಡಿಕೊಂಡೆವು. ಚಾವಿ ಗಡಿಯಾರದ ಒಳಗೆ ಏನಾಗುತ್ತದೆ? ಮಕ್ಕಳೇ, ನೀವೂ ಕೇಳಿ. ಪಕ್ಕದ ಗುಂಡಿಯನ್ನು ತಿರುಗಿಸಿದಾಗ ಒಳಗಿನ ಒಂದು ಉದ್ದನೆಯ ಉಕ್ಕಿನ ಪಟ್ಟಿ ಚಕ್ಕುಲಿಯಂತೆ ಸುತ್ತಿಕೊಳ್ಳುತ್ತದೆ. ಅದಕ್ಕೆ ಬಿಚ್ಚಿಕೊಳ್ಳುವ ಆತುರ. ಬಿಟ್ಟರೆ ಕ್ಷಣದಲ್ಲಿ ಸರ್ರನೆ ಬಿಚ್ಚಿಕೊಂಡು ಮುಳ್ಳುಗಳು ಗಿರಗಿರ ತಿರುಗಿಬಿಡುತ್ತವೆ. ಹಾಗಾಗದಂತೆ ಒಬ್ಬ ಬಾಗಿಲು ಕಾಯುವವನಿದ್ದಾನೆ. ದೇವಸ್ಥಾನದ ಸರದಿಯಲ್ಲಿ ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಾರಲ್ಲ, ಹಾಗೆ ಅವನು ಚಕ್ರದ ಒಂದೊಂದೇ ಹಲ್ಲನ್ನು ಮುಂದಕ್ಕೆ ಬಿಡುತ್ತಾನೆ. ಯಾವಾಗ ಬಿಡಬೇಕೆಂದು ಅವನಿಗೆ ಹೇಳುವುದು ಒಂದು ಪುಟ್ಟ ತೂಗುಚಕ್ರ. ಕೂದಲೆಳೆಯಷ್ಟು ತೆಳ್ಳಗಿನ ಸ್ಪ್ರಿಂಗಿನ ಆಸರೆಯಲ್ಲಿ ಅದು ಉಯ್ಯಾಲೆಯ ಹಾಗೆ ಅತ್ತ ಇತ್ತ ಆಡುತ್ತದೆ. ನಾವು ಕೇಳುವ ಟಿಕ್ ಟಿಕ್ ಆ ಬಾಗಿಲಿನ ಸದ್ದು.

ನನ್ನ ಕೈಯಲ್ಲಿರುವ ಎಚ್‌ಎಂಟಿ ಜನತಾ ಗಡಿಯಾರ ಗಂಟೆಗೆ 18,000 ಸಲ ಟಿಕ್ ಎನ್ನುತ್ತದೆ. ಅಂದರೆ ಸೆಕೆಂಡಿಗೆ ಐದು. ದಿನಕ್ಕೆ ಎಷ್ಟು? ಮೊಮ್ಮಗಳು ಕಾಗದದ ಮೇಲೆ ಗುಣಿಸಿ 4,32,000 ಎಂದಳು. ನಮ್ಮ ಹೃದಯ ದಿನಕ್ಕೆ ಬಡಿಯುವುದು ಸುಮಾರು ಒಂದು ಲಕ್ಷ ಸಲ. "ಪಾಪ ತಾತ, ಅದಕ್ಕೆ ರಜಾನೇ ಇಲ್ಲ" ಎಂದಳು. ರಜಾ ಇಲ್ಲದಿದ್ದರೂ ಎಣ್ಣೆ ಬೇಕು. ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿ, ತೊಳೆದು, ಹೊಸ ಎಣ್ಣೆಯ ಹನಿ ಇಡಬೇಕು. ಈ ಮಾತು ನೆನಪಿರಲಿ, ನಮ್ಮ ಆಯ್ಕೆ ಕೊನೆಗೆ ನಿಂತದ್ದು ಇದರ ಮೇಲೆಯೇ.

ಸಂಜೆ ಪೇಟೆಗೆ ಹೊರಟೆವು. ನಮ್ಮೂರು ತುಮಕೂರು. ಒಂದು ಕಾಲಕ್ಕೆ ಗಡಿಯಾರದ ಊರು. ಎಚ್‌ಎಂಟಿಯವರು ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡಲು ಶುರು ಮಾಡಿದರು. ಆಮೇಲೆ ನಮ್ಮೂರಿಗೂ ಒಂದು ಕಾರ್ಖಾನೆ ಬಂತು. ಬ್ಯಾಟರಿಯ ಕ್ವಾರ್ಟ್ಜ್ ಗಡಿಯಾರಗಳ ಮುಂದೆ ಚಾವಿ ಗಡಿಯಾರ ಸೊರಗಿತು. 2016ರಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಇಲ್ಲಿನ ಕಾರ್ಖಾನೆಯ ಜಾಗ ಇಸ್ರೋ ಪಾಲಾಯಿತು. ಗಡಿಯಾರ ಹೋಗಿ ರಾಕೆಟ್ ಬಂತು ಎಂದು ನಮ್ಮ ವಠಾರದಲ್ಲಿ ತಮಾಷೆ ಮಾಡುತ್ತೇವೆ. ಎಚ್‌ಎಂಟಿ ಹೆಸರಿನ ಕೈಗಡಿಯಾರಗಳು ಈಗಲೂ ಸಿಗುತ್ತವೆ ಎನ್ನುವುದು ಬೇರೆ ಮಾತು.

ಮೊದಲ ಅಂಗಡಿಯಲ್ಲಿ ಸೈಕೋ, ಸಿಟಿಜನ್, ಟೈಟನ್ ಎಲ್ಲ ಸಾಲಾಗಿ ಕೂತಿದ್ದವು. ಕೈ ಆಡಿದಂತೆ ತಾನೇ ಚಾವಿ ಸುತ್ತಿಕೊಳ್ಳುವ ಆಟೋಮ್ಯಾಟಿಕ್‌ಗಳು. ಒಳಗೊಂದು ಅರ್ಧಚಂದ್ರದ ತೂಕ, ಕೈ ಬೀಸಿದಾಗಲೆಲ್ಲ ಗಿರಕಿ ಹೊಡೆದು ಸ್ಪ್ರಿಂಗನ್ನು ಬಿಗಿ ಮಾಡುತ್ತದೆ. ನಿಜಕ್ಕೂ ಒಳ್ಳೆಯ ಗಡಿಯಾರಗಳು, ಹಣವಿದ್ದವರು ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು. ಆದರೆ ನಮ್ಮ ಡಬ್ಬಿಗೆ ಎಟುಕಲಿಲ್ಲ.

ಎರಡನೆಯ ಅಂಗಡಿಯಲ್ಲಿ ಎರಡು ಸಾವಿರಕ್ಕೇ ಚಿನ್ನದ ಬಣ್ಣದ್ದೊಂದು ಸಿಕ್ಕಿತು. ಡಯಲ್ಲೇ ಇಲ್ಲ, ಒಳಗಿನ ಚಕ್ರಗಳೆಲ್ಲ ಹೊರಗೆ ಕಾಣುತ್ತವೆ. ಮೊಮ್ಮಗಳ ಕಣ್ಣು ಅಲ್ಲೇ ನೆಟ್ಟಿತು. ಹೆಸರೇ ಕೇಳಿರದ ಕಂಪನಿ. ನಾನು ಒಂದೇ ಪ್ರಶ್ನೆ ಕೇಳಿದೆ: "ಇದು ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ?" ಅಂಗಡಿಯ ಹುಡುಗ ಪ್ರಾಮಾಣಿಕ. "ರಿಪೇರಿ ಯಾಕೆ ಸಾರ್, ಎಸೆದು ಇನ್ನೊಂದು ತಗೊಳ್ಳಿ" ಎಂದ. ಮೊಮ್ಮಗಳು ಅದನ್ನು ತಾನಾಗಿಯೇ ಗಾಜಿನ ಮೇಲೆ ಇಟ್ಟುಬಿಟ್ಟಳು.

ಅವನೇ "21 ಜ್ಯುವೆಲ್ ಇದೆ ಸಾರ್" ಎಂದೂ ಹೇಳಿದ್ದ. ಈ ಜ್ಯುವೆಲ್ ವಿಷಯ ಸ್ವಲ್ಪ ಹೇಳಬೇಕು. ಇವು ಮಾಣಿಕ್ಯಗಳೇ, ಆದರೆ ಕಾರ್ಖಾನೆಯಲ್ಲಿ ಮಾಡಿದವು, ಆಭರಣದ ಬೆಲೆ ಇಲ್ಲ. ಚಕ್ರಗಳ ಸೂಜಿಮೊನೆಯಂಥ ತುದಿಗಳು ಸವೆಯದಿರಲಿ ಎಂದು ಗಟ್ಟಿಯಾದ ಕಲ್ಲಿನ ಕುಣಿಯಲ್ಲಿ ಕೂರಿಸುತ್ತಾರೆ, ಅಷ್ಟೇ. ಚಾವಿ ಕೊಡುವ ಗಡಿಯಾರಕ್ಕೆ 17 ಇದ್ದರೆ ಸಾಕು. ಜನತಾದಲ್ಲಿ ಇರುವುದೂ ಅಷ್ಟೇ.

ಅಲ್ಲಿಂದ ನೇರವಾಗಿ ನಾನು ಗಡಿಯಾರ ಕೊಡುವ ರಿಪೇರಿಯವರ ಹತ್ತಿರ ಹೋದೆವು. ಮೊದಲೇ ಅಲ್ಲಿಗೆ ಹೋಗಬೇಕಿತ್ತು. ಆದರೆ ನಾಲ್ಕು ಅಂಗಡಿ ನೋಡದೆ ಮಕ್ಕಳಿಗೆ ಸಮಾಧಾನವಿರುತ್ತದೆಯೇ? ಮೆಟ್ಟಿಲಡಿಯ ಗೂಡಿನಂಥ ಜಾಗ, ಒಂದು ಮೇಜು, ಒಂದು ದೀಪ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡೇ ಮಾತಾಡಿದರು. ಡ್ರಾಯರಿನಿಂದ ಎರಡು ಹಳೆಯ ಎಚ್‌ಎಂಟಿ ತೆಗೆದು ಮೇಜಿನ ಮೇಲಿಟ್ಟು, "ಪುಟ್ಟಿ, ಇದರಲ್ಲಿ ಯಾವುದು ತಗೋತೀಯ?" ಎಂದರು. ಒಂದು ಕೆಂಪು ಡಯಲ್ಲಿನದು, ಥಳಥಳ. ಇನ್ನೊಂದು ಜನತಾ, ಬಿಳಿ ಡಯಲ್ ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿದೆ, ಅಂಚಿನಲ್ಲೊಂದು ಚುಕ್ಕೆ.

ಅವಳು ಕೆಂಪಿನ ಕಡೆಗೇ ಬೆರಳು ತೋರಿಸಿದಳು. ನಮ್ಮ ವಂಶಕ್ಕೇ ಆ ರೋಗ!

ಅವರು ಅವಳ ಕೈಗೆ ಮಸೂರ ಕೊಟ್ಟರು. "ಅಕ್ಷರ ನೋಡು." ಕೆಂಪು ಡಯಲ್ಲಿನ ಅಕ್ಷರಗಳು ಮಸೂರದಲ್ಲಿ ಊದಿಕೊಂಡಿದ್ದವು, ಅಂಚು ಹರಡಿತ್ತು, ನಿಮಿಷದ ಗೆರೆಗಳು ಒಂದೇ ಅಳತೆಯಲ್ಲಿರಲಿಲ್ಲ. ಜನತಾದ ಅಕ್ಷರ ಮಾಸಿದ್ದರೂ ಗೆರೆ ಕತ್ತರಿಸಿದ ಹಾಗೆ ಚೂಪು. ಕೆಂಪಿನದು ಹಳೆಯ ಡಯಲ್ಲನ್ನು ಉಜ್ಜಿ ಮತ್ತೆ ಬಣ್ಣ ಹಾಕಿದ್ದು. ಅಂಥವು ಈಗ ಆನ್‌ಲೈನಿನಲ್ಲಿ ರಾಶಿ ರಾಶಿ ಸಿಗುತ್ತವೆ, ಕಾರ್ಖಾನೆ ಎಂದೂ ಮಾಡದ ಬಣ್ಣಗಳಲ್ಲಿ. ಬಣ್ಣ ಬಳಿದದ್ದು ಅಪರಾಧವಲ್ಲ, ಅದನ್ನು ಹೇಳದೆ "ಹಳೆಯ ಸ್ಟಾಕ್, ಬಳಸಿಯೇ ಇಲ್ಲ" ಎಂದು ಮಾರುವುದು ತಪ್ಪು. "ಐವತ್ತು ವರ್ಷದ ಗಡಿಯಾರ ಹೊಸ ಮದುಮಗಳ ಹಾಗೆ ಹೊಳೆದರೆ ಮೊದಲು ಅನುಮಾನ ಪಡಬೇಕು" ಎಂದರು ಅವರು. ನನಗೆ ಮಗನ ನೀಲಿ ಡಯಲ್ ಕಣ್ಣ ಮುಂದೆ ಬಂತು.

ಆಮೇಲೆ ಎರಡರ ಹಿಂದಿನ ಮುಚ್ಚಳವನ್ನೂ ತೆಗೆದು ತೋರಿಸಿದರು. ತೆಗೆದು ತೋರಿಸಲು ಒಪ್ಪದವರ ಹತ್ತಿರ ಹಳೆಯ ಗಡಿಯಾರ ಕೊಳ್ಳಲೇಬಾರದು, ಇದು ನನ್ನ ಈಗಿನ ಹಟ. ಜನತಾದ ಒಳಗೆ ತುಕ್ಕಿಲ್ಲ, ಸ್ಕ್ರೂ ತಲೆಗಳು ಕಚ್ಚಿಹೋಗಿಲ್ಲ, ತೂಗುಚಕ್ರ ಕುಂಟದೆ ಆಡುತ್ತಿದೆ. ಗುಂಡಿ ಎಳೆದರೆ ಹಿಡಿದು ನಿಲ್ಲುತ್ತದೆ, ಮುಳ್ಳು ತಿರುಗಿಸಿದರೆ ಸಡಿಲವಿಲ್ಲ. ಡಯಲ್ ಮೇಲ್ಮುಖವಾಗಿಟ್ಟು ಕೇಳಿದೆವು, ನಿಲ್ಲಿಸಿ ಕೇಳಿದೆವು. ಎರಡರಲ್ಲೂ ಲಯ ಒಂದೇ.

"ಸಮಯ ಸರಿ ತೋರಿಸುತ್ತಾ?" ಎಂದಳು ಮೊಮ್ಮಗಳು. ದಿನಕ್ಕೆ ಅರ್ಧ ನಿಮಿಷ ಹಿಂದೆ ಮುಂದೆ ಆಗಬಹುದು ಎಂದರು. ಅವಳ ಮುಖ ಸಪ್ಪಗಾಯಿತು. ಅಪ್ಪನ ಕ್ವಾರ್ಟ್ಜ್ ಗಡಿಯಾರ ತಿಂಗಳಿಗೂ ಅಷ್ಟು ತಪ್ಪುವುದಿಲ್ಲ. ನಿಜವೇ. ಅದರ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ, ನಮ್ಮದು ಬರೀ ಐದು ಸಲ. ಆದರೂ ಲೆಕ್ಕ ಹಾಕಿ: ದಿನಕ್ಕೆ 86,400 ಸೆಕೆಂಡು, ಅದರಲ್ಲಿ 30 ತಪ್ಪು. ಲಕ್ಷ ರೂಪಾಯಿ ಎಣಿಸುವಾಗ 35 ರೂಪಾಯಿ ತಪ್ಪಿದ ಹಾಗೆ. ಬರೀ ಸ್ಪ್ರಿಂಗು ಹಲ್ಲುಗಳನ್ನು ನಂಬಿ ಅಷ್ಟು ಸರಿಯಾಗಿ ಎಣಿಸುವುದು ಕಡಿಮೆಯೇ? ಸೆಕೆಂಡು ಸೆಕೆಂಡೂ ಬೇಕಾದವರು ಚಾವಿ ಗಡಿಯಾರ ಕೊಳ್ಳಬಾರದು ಎಂದೂ ಹೇಳಿದೆ. ಮುಚ್ಚಿಡುವುದೇಕೆ.

ನೀರಿನ ಮಾತೂ ಬಂತು. ಹಳೆಯ ಜನತಾಗೆ ಮಳೆ, ಈಜು, ಪಾತ್ರೆ ತೊಳೆಯುವುದು ಯಾವುದೂ ಆಗದು. ಹೊಸ ಗಡಿಯಾರದ ಮೇಲೆ 30 ಮೀಟರ್ ಎಂದು ಬರೆದಿದ್ದರೂ ಅದು ಬಾವಿಗೆ ಧುಮುಕಲು ಪರವಾನಗಿಯಲ್ಲ, ಕೈ ತೊಳೆಯುವಾಗ ಸಿಡಿಯುವ ಹನಿಗಷ್ಟೇ.

ಕೈಗೆ ದೊಡ್ಡದಾಗುವುದೇ ಎಂಬ ಅನುಮಾನವನ್ನು ಮನೆಯಲ್ಲೇ ತೀರಿಸಿಕೊಂಡಿದ್ದೆವು. ರಟ್ಟಿನಲ್ಲಿ 35 ಮಿಲಿಮೀಟರಿನದೊಂದು, 42ರದೊಂದು ವೃತ್ತ ಕತ್ತರಿಸಿ ಮಣಿಕಟ್ಟಿನ ಮೇಲಿಟ್ಟು ನೋಡಿದ್ದಳು. 42ರದು ದೋಸೆ ಕಾವಲಿಯ ಹಾಗೆ ಕಂಡಿತ್ತು. ಜನತಾ ಚಿಕ್ಕದರ ಅಳತೆಗೇ ಹೊಂದುತ್ತದೆ.

ಸರ್ವಿಸ್ ಸೇರಿ 2,200 ರೂಪಾಯಿಗೆ ಮಾತಾಯಿತು. ಒಂದು ವರ್ಷದೊಳಗೆ ನಿಂತರೆ ದುಡ್ಡಿಲ್ಲದೆ ಸರಿ ಮಾಡಿಕೊಡುತ್ತೇನೆ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಚರ್ಮದ ಪಟ್ಟಿಗೆ 300. ಉಳಿದದ್ದು 2,500. ಅದಕ್ಕೆ ಇನ್ನೇನಾದರೂ ಕೊಳ್ಳೋಣವೇ ಎಂದಳು. ಬೇಡ ಎಂದೆ. ಸಾವಿರ ರೂಪಾಯಿ ಮುಂದಿನ ಸರ್ವಿಸಿಗೆಂದು ಬೇರೆ ಡಬ್ಬಿಯಲ್ಲಿ ಹಾಕಿಸಿದೆ. ಗಡಿಯಾರದ ಬೆಲೆ ಎಂದರೆ ಅದೂ ಸೇರಿಯೇ.

ಅಜ್ಜ ಅಜ್ಜಿಯರಿಗೆ ಇಲ್ಲೊಂದು ಮಾತು. ನಿಮ್ಮ ಬೀರುವಿನ ಸೀರೆಯ ಮಡಿಕೆಯಲ್ಲೋ ಮದುವೆ ಫೋಟೋದ ಪೆಟ್ಟಿಗೆಯಲ್ಲೋ ಒಂದು ಹಳೆಯ ಚಾವಿ ಗಡಿಯಾರ ಮಲಗಿರಬಹುದು. ಮೊಮ್ಮಕ್ಕಳಿಗೆ ಅದಕ್ಕಿಂತ ಅಗ್ಗದ ಒಳ್ಳೆಯ ವಾಚ್ ಎಲ್ಲೂ ಸಿಗದು, ಸರ್ವಿಸ್ ಖರ್ಚಷ್ಟೇ. ಆದರೆ ಸಿಕ್ಕ ಖುಷಿಯಲ್ಲಿ ತಕ್ಷಣ ಚಾವಿ ತಿರುಗಿಸಬೇಡಿ. ಒಳಗಿನ ಎಣ್ಣೆ ಒಣಗಿ ಅಂಟಾಗಿರುತ್ತದೆ, ಹಾಗೆಯೇ ಓಡಿಸಿದರೆ ಸವೆತ. ಮೊದಲು ಬಿಚ್ಚಿಸಿ ಎಣ್ಣೆ ಹಾಕಿಸಿ, ಆಮೇಲೆ ಕಟ್ಟಿ.

ಮೊಮ್ಮಗಳು ಈಗ ದಿನಾ ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಚಾವಿ ಕೊಡುತ್ತಾಳೆ. ಬೆರಳಿಗೆ ಬಿಗಿ ತಾಗಿದ ಕೂಡಲೇ ನಿಲ್ಲಿಸಬೇಕು ಎಂದು ಕಲಿತಿದ್ದಾಳೆ. ರಾತ್ರಿ ಫೋನಿನ ಸಮಯದ ಜತೆ ಹೋಲಿಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. 18 ಸೆಕೆಂಡು ಮುಂದೆ, 15 ಮುಂದೆ, 20 ಮುಂದೆ. ಹನ್ನೊಂದನೆಯ ದಿನ ಅಳುಮುಖ ಮಾಡಿಕೊಂಡು ಬಂದಳು. ಗಡಿಯಾರ ಒಂದೇ ದಿನದಲ್ಲಿ ಆರು ನಿಮಿಷ ಮುಂದೆ ಓಡಿದೆ! "ನಾನೇನೂ ಮಾಡಿಲ್ಲ ತಾತ. ಬೀಳಿಸಿಲ್ಲ, ನೀರು ತಾಗಿಸಿಲ್ಲ."

ಈ ಸಲ ನಾನು ನಂಬಿದೆ. ಇಬ್ಬರೂ ರಿಪೇರಿಯವರ ಹತ್ತಿರ ಹೋದೆವು. ಅವರು ಒಂದು ಪುಟ್ಟ ದಿಕ್ಸೂಚಿಯ ಪಕ್ಕ ಗಡಿಯಾರ ಹಿಡಿದರು. ದಿಕ್ಸೂಚಿಯ ಮುಳ್ಳು ನಡುಗಿತು. "ಪುಟ್ಟಿ, ಇದನ್ನು ಆಯಸ್ಕಾಂತದ ಹತ್ತಿರ ಇಟ್ಟಿದ್ದೆಯಾ?" ಕಾಂತ ತಾಗಿದರೆ ಆ ಕೂದಲೆಳೆಯ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿ, ಉಯ್ಯಾಲೆಯ ಹಗ್ಗ ಗಿಡ್ಡವಾದ ಹಾಗಾಗಿ ಗಡಿಯಾರ ಓಡತೊಡಗುತ್ತದಂತೆ. ಒಂದು ಯಂತ್ರದ ಮೇಲಿಟ್ಟು ಗುಂಡಿ ಒತ್ತಿ ಕ್ಷಣದಲ್ಲಿ ಸರಿ ಮಾಡಿಕೊಟ್ಟರು, ದುಡ್ಡೂ ತೆಗೆದುಕೊಳ್ಳಲಿಲ್ಲ.

ಆಟದ ಪೀರಿಯಡ್ಡಿನಲ್ಲಿ ಪೆಟ್ಟಾಗದಿರಲಿ ಎಂದು ಜೋಪಾನವಾಗಿ ಬಿಚ್ಚಿ ಪೆನ್ಸಿಲ್ ಬಾಕ್ಸಿನಲ್ಲಿ ಇಟ್ಟಿದ್ದಳಂತೆ. ಆ ಬಾಕ್ಸಿನ ಮುಚ್ಚಳ ಟಪ್ಪೆಂದು ಮುಚ್ಚಿಕೊಳ್ಳುವುದು ಆಯಸ್ಕಾಂತದಿಂದ. ಅದನ್ನು ಅವಳ ಹುಟ್ಟುಹಬ್ಬಕ್ಕೆ ಕೊಡಿಸಿದವನು ನಾನೇ.