ಮಷಿನ್ ಒಂದು ತಾಸಿನದು, ದಾರಿ ಒಂಬತ್ತು ದಿನದ್ದು

ಟಿಬಿ ಪರೀಕ್ಷೆಯ ಮಷಿನ್ ಬಗ್ಗೆ ರೈತರ ಪತ್ರಿಕೆಯಲ್ಲಿ ಯಾಕೆ ಎಂದು ಕೆಲವರು ಕೇಳಬಹುದು. ಕೆಮ್ಮು ಹತ್ತಿದ ಆಳು ಕಳೆ ತೆಗೆಯಲಾರ, ಮನೆಯ ಯಜಮಾನನೇ ಮಲಗಿದರೆ ಬಿತ್ತಿಗೆ ತಪ್ಪುತ್ತದೆ. ನನಗೆ ಇಷ್ಟೇ ಕಾರಣ ಸಾಕು.

ಈ ಮಷಿನ್ನಿನ ಹೆಸರು ಟ್ರೂನ್ಯಾಟ್. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನವರು ರೂಪಿಸಿದ್ದು, ಗೋವಾದ ಮೋಲ್‌ಬಯೋ ಕಂಪನಿಯವರು ತಯಾರಿಸುವುದು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಟಿಬಿ ಪರೀಕ್ಷೆಗೆ ಒಪ್ಪಿತು. ಅದೇ ವರ್ಷ ಕೊರೊನಾ ನೋಡಲಿಕ್ಕೂ ನಮ್ಮ ದೇಶದಲ್ಲಿ ಬಳಸಿದರು.

ಏಳನೇ ಇಯತ್ತೆ ಓದಿದ ನನಗೆ ತಿಳಿದಷ್ಟು ಹೇಳುತ್ತೇನೆ. ಕಫಕ್ಕೆ ಔಷಧಿ ನೀರು ಸೇರಿಸಿ ತೆಳ್ಳಗೆ ಮಾಡಿ, ಅದರೊಳಗಿನ ರೋಗಾಣುವಿನ ಡಿಎನ್‌ಎ ಬೇರೆ ಮಾಡುತ್ತಾರೆ. ಒಂದು ಹನಿಗಿಂತಲೂ ಕಡಿಮೆ ರಸವನ್ನು ಒಂದು ಪುಟ್ಟ ಚಿಪ್ಪಿನ ಮೇಲೆ ಬಿಡುತ್ತಾರೆ. ಮಷಿನ್ ಅದನ್ನು ಕಾಯಿಸುತ್ತದೆ, ಆರಿಸುತ್ತದೆ, ಮತ್ತೆ ಕಾಯಿಸುತ್ತದೆ. ಪ್ರತಿ ಸಲ ಒಂದಿದ್ದದ್ದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. 30 ಸಲ ಹೀಗಾದರೆ ನೂರು ಕೋಟಿ ದಾಟುತ್ತದೆ. ಸಾಹುಕಾರನ ಚಕ್ರಬಡ್ಡಿ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಷ್ಟು ಹೆಚ್ಚಾದ ಮೇಲೆ ರೋಗಾಣು ಅಡಗಿ ಕೂರಲಾರದು.

ಎಲ್ಲ ಇಷ್ಟು ಸಣ್ಣದು ಯಾಕೆ? ಮದುವೆ ಮನೆಯ ಹಂಡೆ ಕಾಯಲಿಕ್ಕೆ ಎಷ್ಟು ಹೊತ್ತು, ಚಹಾದ ಪಾತ್ರೆಗೆ ಎಷ್ಟು ಹೊತ್ತು? ಹನಿಯಷ್ಟು ರಸ ಬೇಗ ಕಾಯುತ್ತದೆ, ಬೇಗ ಆರುತ್ತದೆ, ಕರೆಂಟೂ ಕಡಿಮೆ ಸಾಕು. ಹಾಗಾಗಿ ಬ್ಯಾಟರಿಯ ಮೇಲೂ ನಡೆಯುತ್ತದೆ. ಸುಮಾರು ಒಂದು ತಾಸಿನಲ್ಲಿ ಟಿಬಿ ಇದೆಯೋ ಇಲ್ಲವೋ ಗೊತ್ತು. ಇದ್ದರೆ ಇನ್ನೊಂದು ಚಿಪ್ ಹಾಕಿ, ರಿಫಾಂಪಿಸಿನ್ ಎಂಬ ಮುಖ್ಯ ಔಷಧಿಗೆ ಅದು ಬಗ್ಗುತ್ತದೋ ಇಲ್ಲವೋ ನೋಡಬಹುದು. ಹಳೆಯ ಸೂಕ್ಷ್ಮದರ್ಶಕದಲ್ಲಿ ಒಂದು ಮಿಲಿಲೀಟರ್ ಕಫದಲ್ಲಿ ಸಾವಿರಗಟ್ಟಲೆ ರೋಗಾಣು ಇದ್ದರೆ ಮಾತ್ರ ಕಾಣುತ್ತದೆ. ಔಷಧಿಯ ಮಾತು ಅದಕ್ಕೆ ತಿಳಿಯುವುದೇ ಇಲ್ಲ.

ಮಷಿನ್ ಒಳ್ಳೆಯದೇ. ನನ್ನ ತಕರಾರು ದಾರಿಯದು. ನಮ್ಮ ಓಣಿಯ ಕೂಲಿಕಾರನೊಬ್ಬ ಕಳೆದ ಹಿಂಗಾರಿಯಲ್ಲಿ ದವಾಖಾನೆಗೆ ಕಫ ಕೊಟ್ಟು ಬಂದ. ಅಲ್ಲಿ ಮಷಿನ್ ಇಲ್ಲ. ಇನ್ನೂ ನಾಲ್ಕು ಡಬ್ಬಿ ಕೂಡಲಿ, ಒಟ್ಟಿಗೆ ಕಳಿಸೋಣ ಅಂದರಂತೆ. ಉತ್ತರ ಬಂದದ್ದು ಒಂಬತ್ತನೇ ದಿನ, ಟಿಬಿ ಅಂತ. ಆ ಒಂಬತ್ತು ದಿನವೂ ಅವನು ಮೂರು ಮಕ್ಕಳ ಜೊತೆ ಒಂದೇ ಕೋಣೆಯಲ್ಲಿ ಮಲಗಿದ್ದ, ಕಡಲೆ ಕೀಳಲಿಕ್ಕೂ ಹೋಗಿದ್ದ. ಹೋಗದೆ ಏನು ಮಾಡಿಯಾನು? ಸರಕಾರ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದದ್ದನ್ನು 2024ರ ನವೆಂಬರಿನಿಂದ 1,000 ಮಾಡಿದೆ. ಅದೂ ರೋಗ ಗೊತ್ತಾದ ಮೇಲೆ ತಾನೇ!

ಹಾಲಿನ ಡೇರಿ ನೋಡಿರಿ. ಫ್ಯಾಟ್ ನೋಡುವ ಮಷಿನ್ ಊರಲ್ಲೇ ಇದೆ, ನಮ್ಮ ಕಣ್ಣೆದುರೇ ನಂಬರು ಬರುತ್ತದೆ. ಎಮ್ಮೆಯ ಹಾಲಿಗೆ ಇರುವ ಮರ್ಯಾದೆ ಮನುಷ್ಯನ ಕಫಕ್ಕೆ ಬೇಡವೇ?

ದಿನಕ್ಕೆ ಇಬ್ಬರು ಮೂವರಿಗಾಗಿ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಮಷಿನ್ ಇಟ್ಟರೆ ಖಾಲಿ ಕೂರುತ್ತದೆ ಎಂಬ ವಾದ ಕೇಳಿದ್ದೇನೆ. ನಮ್ಮ ಕೂರಿಗೆ ವರ್ಷಕ್ಕೆ ಎಂಟು ದಿನ ನಡೆಯುತ್ತದೆ, ಉಳಿದ ದಿನ ಗೋಡೆಗೆ ಒರಗಿರುತ್ತದೆ. ಅದಕ್ಕಾಗಿ ಹತ್ತು ಊರಿಗೆ ಒಂದೇ ಕೂರಿಗೆ ಸಾಕು ಅಂದವರಿದ್ದಾರೆಯೇ? ಹದ ಕಾಯುವುದಿಲ್ಲ. ಬಯಲು ಸೀಮೆಯಲ್ಲಿ 30,000 ಜನಕ್ಕೆ ಒಂದು ಆರೋಗ್ಯ ಕೇಂದ್ರ ಎಂಬುದು ಸರಕಾರದ್ದೇ ಲೆಕ್ಕ. ಅಷ್ಟು ಜನರಲ್ಲಿ ಕೆಮ್ಮುವವರು ಕಡಿಮೆಯೇ?

ಮಷಿನ್ ಕೊಡಲಿಕ್ಕೆ ಆಗದಿದ್ದರೆ, ಕಫ ಕೊಟ್ಟ ದಿನವೇ ಅದು ಮಷಿನ್ ಇದ್ದಲ್ಲಿಗೆ ಹೋಗುವ ಏರ್ಪಾಡಾದರೂ ಆಗಲಿ. ಮಷಿನ್ ಇದ್ದಲ್ಲಿ ಚಿಪ್ಪೂ ಇರಬೇಕು, ಅದನ್ನು ನಡೆಸುವ ಲ್ಯಾಬಿನವರೂ ಇರಬೇಕು. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಗಟಾರದ ಜೊತೆಗೆ ಇದನ್ನೂ ಕೇಳೋಣ: ಹೋದ ತಿಂಗಳು ಎಷ್ಟು ಜನರ ಕಫ ಹೋಯಿತು, ಪ್ರತಿಯೊಂದರ ಉತ್ತರ ಎಷ್ಟನೇ ದಿನ ಬಂತು?

ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ಮೈ ಇಳಿಯುವುದು ಇದ್ದವರು ಮಾತ್ರ ಗ್ರಾಮಸಭೆಯ ತನಕ ಕಾಯಬೇಡಿ. ಡಬ್ಬಿಗೆ ಬಾಯಿಯ ಉಗುಳು ಹಾಕಿದರೆ ಉಪಯೋಗವಿಲ್ಲ, ಎದೆಯ ಆಳದಿಂದ ಕೆಮ್ಮಿ ತೆಗೆದ ಕಫವೇ ಬೇಕು.