ಬರಿಯೂದಕ್ಕೂ ಒಬ್ಬ ಮುಯ್ಯಾಳು

ನಮ್ಮ ಕಡೆ ಬ್ಯಾಸಗ್ಯಾಗ ಹಪ್ಪಳಾ ಯಾರೂ ಒಬ್ಬರೇ ಕೂತು ಲಟ್ಟಸಂಗಿಲ್ಲ. ಇವತ್ತ ನಿಮ್ಮನೀದು, ನಾಳೆ ನಮ್ಮನೀದು. ಒಬ್ಬಾಕಿ ಹಿಟ್ಟು ನಾದಿ ಕರದ್ಲಂದ್ರ ಉಳದವ್ರು ಲಟ್ಟಣಿಗಿ ಹಿಡಕೊಂಡು ಬರಲಿಕ್ಕೇ ಬೇಕು, ಯಾಕಂದ್ರ ನಾಡದು ತಮಗೂ ಮಂದಿ ಬೇಕಲಾ! ಹೊಲದ ಕೆಲಸದಾಗ ಇದಕ್ಕ ಮುಯ್ಯಾಳು ಅಂತಾರ. ದಿನಾ ನಾಲ್ಕು ಸಾಲು ಬರೀಬೇಕು ಅನ್ನೋರಿಗೂ ಅಂಥಾ ಒಬ್ಬಾಕಿ ಬೇಕು ಅಂತ ನನ್ನ ಅಭಿಪ್ರಾಯ.

ಬರಿಯೂದು ಒಬ್ಬರೇ ಮಾಡೋ ಕೆಲಸ ಅಂತೀರಿ, ಖರೆ. ಆದ್ರ ಮನ್ಯಾಗ ಯಾರೂ ಕೇಳಲಾರದ ಕೆಲಸ ಅಂದ್ರ ಇದೊಂದೇ. ಅಡಿಗಿ ತಡಾ ಆದ್ರ ಐದು ನಿಮಿಷದಾಗ ಕೇಳ್ತಾರ. ಬರೀಲಿಲ್ಲಂದ್ರ ಯಾರ ಗಂಟೂ ಹೋಗಂಗಿಲ್ಲ.

ಯಾರನ್ನ ಆರಿಸ್ಕೋತೀರಿ ಅನ್ನೂದರಾಗ ಎಲ್ಲಾ ಅದ. ಜೀವದ ಗೆಳತಿ ಬ್ಯಾಡ. ತಲಿ ನೋಯ್ಲಿಕತ್ತದ ಅಂದ್ರ ಸಾಕು, "ಮಲಕೋವಾ, ನಾಳೆ ಬರದ್ರಾತು" ಅಂತ ಆಕೀನೇ ಹೊಚ್ಚಿಸಿ ಹೋಗ್ತಾಳ. ಭಾಳ ಓದಿಕೊಂಡೋರಂತೂ ಬ್ಯಾಡೇ ಬ್ಯಾಡ, ಒತ್ತಕ್ಷರ ತಿದ್ದಿ ತಿದ್ದಿ ಕೈ ಕಟ್ಟಿ ಹಾಕ್ತಾರ. (ಗಂಡಂದಿರ ಮಾತು ಬಿಡ್ರಿ, ನೋಡದೇ ಛಲೋ ಅದ ಅಂತಾರ.)

ನಂಗ ಸಿಕ್ಕವರು ಬಾಜೂಮನಿ ವೈನಿ. ಕಥಿ-ಕಾದಂಬರಿ ಓದೋರಲ್ಲ. ದಿನದ ಖರ್ಚು ಬರದಿಡಬೇಕು ಅಂತ ಅವರಿಗೆ ಆಸೆ, ಹತ್ತನೇ ತಾರೀಖಿಗೆ ನಿಂತ್ಹೋಗ್ತಿತ್ತು. ರಾತ್ರಿ ಒಂಬತ್ತೂವರಿಗೆ ನಾ ನನ್ನ ಹಾಳಿ ಫೋಟೋ ಕಳಸ್ತೀನಿ, ಅವರು ತಮ್ಮ ಲೆಕ್ಕದ ಹಾಳೀದು. ಓದೂ ಹಂಗಿಲ್ಲ, ಹೊಗಳೂ ಹಂಗಿಲ್ಲ. ಫೋಟೋ ಬರಲಿಲ್ಲಂದ್ರ ಮುಂಜಾನೆ ಹಾಲು ತಗೊಳ್ಳೂ ಮುಂದ "ಯಾಕ್ರೀ?" ಅನ್ನಬೇಕು, ಅಷ್ಟಽ. ಹತ್ತು ಸಾಲು ಆಗದಿದ್ರ ಮೂರಾದ್ರೂ ನಡೀತದ. ದಂಡಾ ಇಟ್ಟಿಲ್ಲ. ರೊಕ್ಕಾ ಕೊಟ್ರ ಸಾಲಾ ತೀರ್ತು ಅಂತ ಮನಸ್ಸು ಆರಾಮಾಗಿ ಕೂಡ್ತದ. ಆ "ಯಾಕ್ರೀ" ಹಂಗ ತೀರೂ ಸಾಲಾ ಅಲ್ಲ.

ವಯಸ್ಸಾತು ಅನ್ನೋ ಮಾತು ನಾ ಒಪ್ಪಂಗಿಲ್ಲ. ಎಂ.ಕೆ. ಇಂದಿರಾ ಹುಟ್ಟಿದ್ದು 1917ರಾಗ, ಅವರ ‘ತುಂಗಭದ್ರ’ ಕಾದಂಬರಿ ಬಂದದ್ದು 1963ರಾಗ. ಆದ್ರ ನನ್ನ ಅವಸರ ನನ್ನ ವಯಸ್ಸಿಂದಲ್ಲ, ಅವ್ವಂದು. ಆಕಿಗೆ ಎಂಬತ್ತೆರಡು. ಹೋದ ವರ್ಷ ಬೀಸೂ ಕಲ್ಲಿನ ಹಾಡು ಪೂರ್ತಿ ಹೇಳ್ತಿದ್ಲು. ಈಗ ಎರಡು ಸಾಲಿಗೆ ನಿಂತು, "ಮುಂದೇನಿತ್ತು?" ಅಂತ ನನ್ನ ಮಾರಿ ನೋಡ್ತಾಳ. ಮೂಡ್ ಬರೂತನಕ ನಾ ಕಾಯಬಹುದು, ಆಕಿ ನೆನಪು ಕಾಯೂದಿಲ್ಲ.

ಕಳದ ವಾರ ನಂದು ಎರಡು ದಿನಾ ಬರೇ ಮೂರು ಸಾಲು. ಅದರಾಗ ಒಂದು ದಿನದ್ದರಾಗ ಅವ್ವನ ಅಜ್ಜಿ ಹೆಸರದ. ಅದು ನಮ್ಮ ಮನ್ಯಾಗ ಮತ್ಯಾರಿಗೂ ಗೊತ್ತಿದ್ದಿಲ್ಲ.