ಯೋಧನಿಗೆ ವಿಮೆ ಇದೆ, ಮನೆ ಸಾಮಾನಿಗೆ?

2019ರ ಆಗಸ್ಟ್‌ನಲ್ಲಿ ಘಟಪ್ರಭಾ ನದಿ ಗೋಕಾಕಕ್ಕೆ ನುಗ್ಗಿದಾಗ ವರದಿಗೆ ಹೋಗಿದ್ದೆ. ಬಾಡಿಗೆ ಮನೆಯೊಂದರ ಮುಂದೆ ಯೋಧನ ಪತ್ನಿಯೊಬ್ಬರು ಕೆಸರು ಮೆತ್ತಿದ ಟ್ರಂಕ್ ತೊಳೆಯುತ್ತಿದ್ದರು. ಗಂಡ ಗಡಿಯಲ್ಲಿ. "ಗೋಡೆ ಬಿದ್ರ ಮಾಲಕರಿಗೆ ರೊಕ್ಕ ಬರತೈತಿ ಅಣ್ಣಾ, ನಮ್ಮ ಸಾಮಾನಿಗೆ ಯಾರ್ ಕೊಡ್ತಾರ?" ಎಂದರು.

ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಆ ವರ್ಷ ಪೂರ್ತಿ ಬಿದ್ದ ಮನೆಗೆ ಸರ್ಕಾರ ಘೋಷಿಸಿದ್ದು 5 ಲಕ್ಷ ರೂಪಾಯಿ. ನೀರು ಹೊಕ್ಕ ಕುಟುಂಬಕ್ಕೆ ತುರ್ತು ಪರಿಹಾರ 10,000. ಸೇನೆಯ ಗುಂಪು ವಿಮೆ ಯೋಧನ ಜೀವಕ್ಕೆ, ಅಂಗವೈಕಲ್ಯಕ್ಕೆ. ಮಾಲೀಕರ ವಿಮೆ ಅವರ ಕಟ್ಟಡಕ್ಕೆ. ಬಾಡಿಗೆದಾರರ ಕಪಾಟು, ಫ್ರಿಜ್, ಮಕ್ಕಳ ಪುಸ್ತಕ ಯಾವ ಲೆಕ್ಕಕ್ಕೂ ಇಲ್ಲ.

ಈಗ ದಾರಿ ಇದೆ. 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 'ಭಾರತ್ ಗೃಹ ರಕ್ಷಾ' ಪಾಲಿಸಿಯನ್ನು ಬಾಡಿಗೆದಾರರು ಮನೆ ಸಾಮಾನಿಗಷ್ಟೇ ಮಾಡಿಸಬಹುದು. ಬೆಂಕಿ, ನೆರೆ, ಭೂಕುಸಿತ ಎಲ್ಲ ಅದರಲ್ಲಿ ಸೇರಿವೆ. ಒಡವೆಗೆ ಬೇರೆ ರಕ್ಷಣೆ ಕೇಳಿ ಪಡೆಯಬೇಕು. ಬರೀ ಕಳ್ಳತನವಾದರೆ ಮೂಲ ಪಾಲಿಸಿ ಸಾಲದು.

ಇನ್ನೊಂದು ತೊಡಕು: ಪಾಲಿಸಿ ನಮೂದಿಸಿದ ವಿಳಾಸಕ್ಕೆ ಮಾತ್ರ. ಎರಡು–ಮೂರು ವರ್ಷಕ್ಕೊಮ್ಮೆ ಮನೆ ಬದಲಿಸುವ ಕುಟುಂಬ ಕಂಪನಿಗೆ ತಿಳಿಸಲು ಮರೆತರೆ ಕಟ್ಟಿದ ಕಂತು ನೀರುಪಾಲು.

ಇದನ್ನು ಹೇಳುವವರು ಯಾರು? ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗಳು ಕನ್ನಡದಲ್ಲಿ ಒಂದು ಹಾಳೆ ಅಚ್ಚು ಹಾಕಿಸಿ ಹಂಚಲಿ. ಗಡಿಯಲ್ಲಿರುವವನಿಗೆ ಸೆಲ್ಯೂಟ್ ಹೊಡೆಯುವ ನಾವು ಅವನ ಹೆಂಡತಿಯ ಟ್ರಂಕನ್ನೂ ಒಮ್ಮೆ ನೋಡೋಣ.